ಪ್ಲೈವುಡ್ ತಳನೆಲದ ಸಿದ್ಧತೆ

ಪ್ಲೈವುಡ್ ತಳನೆಲದ ಸಿದ್ಧತೆ: ಮರದ ಚೌಕಟ್ಟಿನ ಮನೆಗಳಲ್ಲಿ ಸೆರಾಮಿಕ್ ಟೈಲ್ ಕೂರಿಸುವ ಮುನ್ನ ಪ್ಲೈವುಡ್ ನೆಲವನ್ನು ಬಿಗಿಗೊಳಿಸಿ, ಸಮತಟ್ಟು ಮಾಡಿ, ಮೇಲೊಂದು ಪದರ ಹಾಸುವ ಕಟ್ಟಡ ಕೆಲಸ. ಅಮೆರಿಕ, ಕೆನಡಾಗಳಲ್ಲಿ ವ್ಯಾಪಕ. ಕಾಂಕ್ರೀಟ್ ನೆಲವೇ ರೂಢಿಯಾದ ಭಾರತದಲ್ಲಿ ವಿರಳ. ಅಮೆರಿಕ, ಕೆನಡಾಗಳಲ್ಲಿ ಹಿಂದೆ ದಪ್ಪ ಗಾರೆಯ ಹಾಸಿನಲ್ಲಿ ಟೈಲ್ ಕೂರಿಸುತ್ತಿದ್ದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ತೆಳುಪದರದ ಅಂಟುಗಾರೆ ಹರಡಿದ ಮೇಲೆ ತಳನೆಲದ ಗುಣಮಟ್ಟವೇ ನಿರ್ಣಾಯಕವಾಯಿತು.

ಮರ ತೇವಕ್ಕೆ ಹಿಗ್ಗುತ್ತದೆ, ಭಾರಕ್ಕೆ ಬಾಗುತ್ತದೆ. ಟೈಲ್ ಬಾಗದೆ ಬಿರಿಯುತ್ತದೆ. ಆದ್ದರಿಂದ ನೆಲದ ಬಾಗು ತೊಲೆಯ ಆಧಾರಗಳ ನಡುವಿನ ಅಂತರದ 1/360 ಭಾಗವನ್ನು, ಅಂದರೆ 3.6 ಮೀಟರಿಗೆ 10 ಮಿ.ಮೀ.ಯನ್ನು, ಮೀರಬಾರದೆಂಬುದು ಅಂಗೀಕೃತ ಮಿತಿ. ನೈಸರ್ಗಿಕ ಕಲ್ಲಿಗೆ 1/720. ನೀರು ತಾಳುವ ಅಂಟಿನ ಪ್ಲೈವುಡ್ಡನ್ನೇ ಬಳಸಿ, ಹಾಳೆಗಳ ನಡುವೆ ಸುಮಾರು 3 ಮಿ.ಮೀ. ಸಂದು ಬಿಟ್ಟು, ತೊಲೆಗಳಿಗೆ ಸ್ಕ್ರೂ ಬಿಗಿಯುತ್ತಾರೆ. ಕಿರುಗುಡುವ ಜಾಗ ಸಡಿಲಿಕೆಯ ಸೂಚನೆ.

ಮೇಲೆ ಸಿಮೆಂಟ್ ಹಲಗೆಯನ್ನು ಹಸಿ ಅಂಟುಗಾರೆಯ ಮೇಲಿರಿಸಿ ಸ್ಕ್ರೂ ಹೊಡೆಯುತ್ತಾರೆ. ಈ ಗಾರೆಯ ಮುಖ್ಯ ಕೆಲಸ ಹಲಗೆಯಡಿಯ ಪೊಳ್ಳು ತುಂಬುವುದು. ಇದನ್ನು ಬಿಡುವುದು ಗಂಭೀರ ಲೋಪ. ಹಲಗೆಯ ಸಂದುಗಳು ಪ್ಲೈವುಡ್ ಸಂದುಗಳ ನೇರಕ್ಕೆ ಬಾರದಂತೆ ಜೋಡಿಸಿ, ಕ್ಷಾರ ತಾಳುವ ಗಾಜುನಾರಿನ ಜಾಲಪಟ್ಟಿಯಿಂದ ಮುಚ್ಚುತ್ತಾರೆ. ಹಲಗೆಯು ನೆಲದ ಬಾಗನ್ನು ತಗ್ಗಿಸದು. ಅದರ ಬದಲು ಮರದ ಚಲನೆ ಟೈಲಿಗೆ ತಾಗದಂತೆ ತಡೆಯುವ ಪ್ಲಾಸ್ಟಿಕ್ ಹಾಸನ್ನೂ ಬಳಸುವುದುಂಟು. ಗೋಡೆಯಂಚಿನ ಹಿಗ್ಗುಸಂದಿಗೆ ಗಾರೆ ತುಂಬುವುದಿಲ್ಲ.