ಹಳೆ ಸಾಮಾನು ಹೋಗುವ ದಾರಿ: ಗೊರವನಹಳ್ಳಿ ಸೀಮೆಯ ಒಂದು ಚರಿತ್ರೆ

ಬೇಡವಾದ ದೊಡ್ಡ ಸಾಮಾನನ್ನು ಮನೆಯಿಂದ ಎತ್ತಿ ಬೀದಿಗೆ ಹಾಕುವುದು ಗೊರವನಹಳ್ಳಿ ಸೀಮೆಗೆ ಹೊಸ ರೂಢಿ. ಜಯಮಂಗಲಿ ಹರಿಯುವ ಕೊರಟಗೆರೆ, ಮಧುಗಿರಿಯ ಊರುಗಳಲ್ಲಾಗಲಿ, ಶಿರಾ, ಪಾವಗಡದ ಬಯಲಿನಲ್ಲಾಗಲಿ ಹಳೆಯ ರೈತಮನೆಯಲ್ಲಿ ಪೀಠೋಪಕರಣವೇ ಕಡಿಮೆ. ಕೂರಲು ಜಗಲಿ, ಮಲಗಲು ಈಚಲು ಚಾಪೆ, ಹೊದೆಯಲು ಕಂಬಳಿ, ದವಸಕ್ಕೆ ಮಣ್ಣಿನ ವಾಡೆ, ಗುಡಾಣ. ಮರದ ಮಂಚ ಉಳ್ಳವರ ಮನೆಯದು. ತೊಟ್ಟಿಲು ಒಂದು ಮನೆಯಲ್ಲಿದ್ದರೆ ನೆಂಟರಿಷ್ಟರ ಬಾಣಂತನಕ್ಕೆಲ್ಲ ಅದೇ ಓಡಾಡುತ್ತಿತ್ತು.

ಮುರಿದದ್ದು ಮೊದಲು ಅಟ್ಟ ಸೇರುತ್ತಿತ್ತು, ಅಲ್ಲಿಂದ ಹಿತ್ತಿಲಿಗೆ, ಕೊನೆಗೆ ನೀರೊಲೆಗೆ. ಅಷ್ಟು ದೂರ ಹೋಗುವ ಮೊದಲೇ ಅದನ್ನು ತಡೆಯುವ ಕೈಗಳು ಊರಲ್ಲಿದ್ದವು. ಆಯಗಾರ ಪದ್ಧತಿಯಲ್ಲಿ ಬಡಗಿ, ಕಮ್ಮಾರ, ಕುಂಬಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ರೈತ ಆ ಲೆಕ್ಕದಲ್ಲೇ ನೇಗಿಲು, ಗುದ್ದಲಿಗಳನ್ನು ರಿಪೇರಿ ಮಾಡಿಸಿಕೊಳ್ಳುತ್ತಿದ್ದ. ದುರಸ್ತಿಗೆ ಅವತ್ತಿನ ದಿನ ಕೈಯಿಂದ ಕಾಸು ಬಿಚ್ಚಬೇಕಿರಲಿಲ್ಲ. ಹಳೆಯದು ಬಾಳಿಕೆ ಬರಲು ಜನರ ಮಿತವ್ಯಯಕ್ಕಿಂತ ಈ ಏರ್ಪಾಡೇ ದೊಡ್ಡ ಕಾರಣ. ಆಯಕ್ಕೆ ಸೇರದವರು ತಿರುಗಾಟದಲ್ಲಿ ಬರುತ್ತಿದ್ದರು. ಪಿಂಜಾರರು ಗಂಟುಕಟ್ಟಿದ ಹಾಸಿಗೆಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಮತ್ತೆ ತುಂಬಿಕೊಡುತ್ತಿದ್ದರು. ಕಲಾಯಿಯವರು ತಾಮ್ರ, ಹಿತ್ತಾಳೆಯ ಪಾತ್ರೆಗೆ ಮರುಜೀವ ಕೊಡುತ್ತಿದ್ದರು. ಸವೆದ ಬೀಸುವ ಕಲ್ಲನ್ನು ಉಳಿಯಿಂದ ಕುಟ್ಟಿಸಿ ಒರಟು ಮಾಡಿಸಿದರೆ ಅದು ಮತ್ತೆ ರಾಗಿ ಬೀಸುತ್ತಿತ್ತು. ಹಳೆ ಮನೆ ಬಿಚ್ಚಿದರೆ ತೊಲೆ, ಜಂತೆ, ಬಾಗಿಲುವಾಡ ಹೊಸ ಮನೆಗೆ ಹೋಗುತ್ತಿದ್ದವು. ಒಡೆದ ಮಡಕೆಯೂ ಸುಣ್ಣದ ಬೊಟ್ಟು ಇಡಿಸಿಕೊಂಡು ಹೊಲದಲ್ಲಿ ಬೆದರುಬೊಂಬೆಯ ತಲೆಯಾಗುತ್ತಿತ್ತು.

ಬಿಸಾಡುವುದಕ್ಕೂ ಕಟ್ಟಳೆಗಳಿದ್ದವು. ಮೊರ, ಪೊರಕೆಗಳನ್ನು ಲಕ್ಷ್ಮಿಯೆಂದು ತಿಳಿದು ಕಾಲು ತಾಗಿಸದ ಮನೆಯವರೇ, ಊರಿಗೆ ಜಾಡ್ಯ ಬಂದಾಗ ಹಳೆ ಮೊರ, ಪೊರಕೆ, ಮಡಕೆಗಳನ್ನು ಮಾರಿಯ ಜೊತೆ ಗಡಿಯಾಚೆ ಸಾಗಿಸುತ್ತಿದ್ದರು. ಸತ್ತವರ ಚಾಪೆ ಸ್ಮಶಾನಕ್ಕೆ ಹೋಗುತ್ತಿತ್ತು. ಕಾಮನ ಹುಣ್ಣಿಮೆಗೆ ಹುಡುಗರು ಹಿತ್ತಿಲ ಮುರುಕು ಮರವನ್ನು ಕದ್ದೊಯ್ದರೆ ಹಿರಿಯರು ಹೆಚ್ಚು ಗದರುತ್ತಿರಲಿಲ್ಲ. ಮಹಾಲಕ್ಷ್ಮಿಯ ಕ್ಷೇತ್ರವೆಂದೇ ಹೆಸರಾದ ಗೊರವನಹಳ್ಳಿಯ ಸುತ್ತ ದೇವರ ಪಟಗಳಿಲ್ಲದ ಮನೆ ಅಪರೂಪ. ಗಾಜು ಒಡೆದ ಪಟವನ್ನು ತಿಪ್ಪೆಗೆ ಹಾಕಲು ಯಾರಿಗೂ ಮನಸ್ಸು ಬಾರದು. ಅದು ಅರಳಿಕಟ್ಟೆ ಸೇರುತ್ತದೆ. ಈ ರೂಢಿ ಇಂದಿಗೂ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಸಾಮಾನೇ ಬದಲಾಯಿತು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಒರಳು ಹಿತ್ತಿಲಲ್ಲಿ ದನಕರುಗಳಿಗೆ ನೀರಿಡುವ ಬಾನಿಯಾಯಿತು. ಕಬ್ಬಿಣದ ಬೀರು, ಮಡಚುವ ಕುರ್ಚಿಗಳಿಂದ ತೊಂದರೆಯಾಗಲಿಲ್ಲ. ಗುಜರಿಯವರು ಅವನ್ನು ತೂಕಕ್ಕೆ ಕೊಳ್ಳುತ್ತಾರೆ, ಕಬ್ಬಿಣ ಕರಗಿ ಮತ್ತೆ ಕಬ್ಬಿಣವಾಗುತ್ತದೆ. ಒಡೆದ ಪ್ಲಾಸ್ಟಿಕ್ ಕುರ್ಚಿಗೂ ಅಷ್ಟಿಷ್ಟು ಬೆಲೆಯುಂಟು. ದಿಕ್ಕಿಲ್ಲದೆ ಉಳಿದದ್ದು ಫೋಮ್ ಸೋಫಾ, ಫೋಮ್ ಹಾಸಿಗೆ ಮತ್ತು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಕಪಾಟು. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದ ಪಾಲಿಯುರಿಥೇನಿನಿಂದ ಈ ಫೋಮ್ ತಯಾರಾಗುತ್ತದೆ. ಇದನ್ನು ಹತ್ತಿಯಂತೆ ಹಿಂಜಲಾಗದು, ಮಣ್ಣಿನಲ್ಲಿ ಬೇಗ ಕೊಳೆಯದು. ನೆನೆದು ಉಬ್ಬಿದ ಹಲಗೆಗೆ ಬಡಗಿ ಮೊಳೆ ಹೊಡೆದರೂ ನಿಲ್ಲದು.

ಕಾನೂನು ಈ ಸೀಮೆಯ ಕಸದತ್ತ ನೋಡಿದ್ದು ತಡವಾಗಿ. 2000ದ ಘನತ್ಯಾಜ್ಯ ನಿಯಮಗಳು ಪುರಸಭೆಯಂಥ ನಗರಾಡಳಿತಗಳಿಗಷ್ಟೇ ಅನ್ವಯಿಸುತ್ತಿದ್ದವು. 2016ರ ನಿಯಮಗಳು ಸರ್ಕಾರ ಅಧಿಸೂಚಿಸುವ ಯಾತ್ರಾಸ್ಥಳಗಳನ್ನೂ ಸೇರಿಸಿಕೊಂಡವು. ಕಸವನ್ನು ಬೀದಿಯಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಹಾಕುವುದನ್ನೂ ಬಯಲಲ್ಲಿ ಸುಡುವುದನ್ನೂ ನಿಷೇಧಿಸಿದವು. ಈಚಿನ ವರ್ಷಗಳಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಸ್ವಚ್ಛ ವಾಹಿನಿಗಳು ಬಂದಿವೆ. ಅನೇಕ ಕಡೆ ಸ್ವಸಹಾಯ ಸಂಘದ ಮಹಿಳೆಯರೇ ಅವನ್ನು ಓಡಿಸುತ್ತಾರೆ. ಮನೆಮನೆಯ ಹಸಿ ಕಸ, ಒಣ ಕಸಕ್ಕೆಂದು ಬಂದ ಆ ಚಿಕ್ಕ ಗಾಡಿಯಲ್ಲಿ ಮೂವರು ಕೂರುವ ಸೋಫಾಕ್ಕೆ ಜಾಗವಿಲ್ಲ. ಹಾಗೆಂದು ಅದನ್ನು ಕೆರೆಯಂಗಳಕ್ಕೆ ಒಯ್ದು ಬೆಂಕಿ ಇಡಬಾರದು: ಉರಿಯುವ ಫೋಮಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆ ಹೈಡ್ರೋಜನ್ ಸಯನೈಡ್ ಎಂಬ ಕಡುವಿಷವೂ ಇರುತ್ತದೆ.