ಮನೆಯ ಗಣಕಯಂತ್ರದಲ್ಲಿ ಅಂತರ್ಜಾಲ ಸಂಪರ್ಕ ಕಡಿತಗೊಂಡಾಗ ಆನ್‌ಲೈನ್ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಪ್ರಮಾಣಪತ್ರ, ಪಿಂಚಣಿ, ವಿದ್ಯಾರ್ಥಿವೇತನ, ಪರವಾನಗಿ ಮುಂತಾದ ಸೇವೆಗಳಿಗೆ ನಾಗರಿಕರು ಮನೆಯಿಂದಲೇ ಅರ್ಜಿ ಸಲ್ಲಿಸುವ ಸೌಲಭ್ಯವು 2018ರಲ್ಲಿ ಸೇವಾ ಸಿಂಧು ಜಾಲತಾಣ ಆರಂಭವಾದ ನಂತರ ರಾಜ್ಯದಲ್ಲಿ ವ್ಯಾಪಕವಾಗಿದೆ. ಆದರೆ ಅರ್ಜಿ ನಮೂನೆಯನ್ನು ಭರ್ತಿ ಮಾಡುತ್ತಿರುವಾಗ ಅಥವಾ ಶುಲ್ಕ ಪಾವತಿಸುತ್ತಿರುವಾಗ ಸಂಪರ್ಕ ಕಡಿತಗೊಂಡರೆ ಅರ್ಜಿ ಅಪೂರ್ಣವಾಗಿ ಉಳಿಯುವ, ಹಣ ಕಡಿತವಾಗಿಯೂ ಸ್ವೀಕೃತಿ ದೊರೆಯದಿರುವ ಮತ್ತು ಕೊನೆಯ ದಿನಾಂಕ ಮೀರುವ ಸಂಭವವಿರುತ್ತದೆ. ಇಂತಹ ಸಂದರ್ಭದಲ್ಲಿ ಅರ್ಜಿದಾರರು ತಾವೇ ಮಾಡಬಹುದಾದ ಪರಿಶೀಲನೆಗಳನ್ನು ಮತ್ತು ಅವರಿಗೆ ಲಭ್ಯವಿರುವ ಪರಿಹಾರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಮನೆಯ ಗಣಕಯಂತ್ರದಿಂದ ಇಲಾಖೆಯ ಸರ್ವರ್‌ವರೆಗಿನ ಸಂಪರ್ಕವು ಒಂದು ಸರಪಳಿಯಂತೆ ಇರುತ್ತದೆ. ಗಣಕಯಂತ್ರ, ವೈ-ಫೈ ಅಥವಾ ಕೇಬಲ್, ರೂಟರ್, ಮನೆಯ ಹೊರಗಿನ ತಂತಿ, ಸೇವಾದಾರ ಸಂಸ್ಥೆಯ ಕೇಂದ್ರ ಮತ್ತು ಕೊನೆಯಲ್ಲಿ ಇಲಾಖೆಯ ಸರ್ವರ್ ಇದರ ಕೊಂಡಿಗಳು. ಯಾವ ಕೊಂಡಿ ಕಳಚಿದೆ ಎಂಬುದನ್ನು ತಿಳಿಯುವ ಮುನ್ನ ಯಾವುದೇ ಸೆಟ್ಟಿಂಗ್ ಬದಲಾಯಿಸಬಾರದು. ಆತುರದಲ್ಲಿ ಮಾಡಿದ ಬದಲಾವಣೆಗಳಿಂದ ಅಲ್ಪಕಾಲದ ಅಡಚಣೆಯು ಹಲವು ದಿನಗಳ ತೊಂದರೆಯಾಗಿ ಪರಿಣಮಿಸಬಹುದು.

1. ತಕ್ಷಣ ಕೈಗೊಳ್ಳಬೇಕಾದ ಕ್ರಮ

ಅರ್ಜಿ ಭರ್ತಿ ಮಾಡುತ್ತಿರುವಾಗ ಸಂಪರ್ಕ ಕಡಿತಗೊಂಡಲ್ಲಿ ಬ್ರೌಸರ್ ಪುಟವನ್ನು ಮುಚ್ಚಬಾರದು. ಹಿಂದಿನ ಪುಟಕ್ಕೆ ಹೋಗುವ ಅಥವಾ ಪುಟವನ್ನು ಪುನಃ ತೆರೆಯುವ ಗುಂಡಿಗಳನ್ನು ಒತ್ತಬಾರದು. ಪರದೆಯ ಮೇಲೆ ಕಾಣುವ ಅರ್ಜಿಯ ಕರಡು ಸಂಖ್ಯೆ, ವಹಿವಾಟು ಸಂಖ್ಯೆ ಅಥವಾ ಚಲನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು ಅಥವಾ ಮೊಬೈಲಿನಲ್ಲಿ ಪರದೆಯ ಛಾಯಾಚಿತ್ರ ತೆಗೆದುಕೊಳ್ಳತಕ್ಕದ್ದು. ಭರ್ತಿ ಮಾಡಿದ ದೀರ್ಘ ವಿವರಗಳನ್ನು ಪ್ರತ್ಯೇಕ ಕಡತಕ್ಕೆ ನಕಲು ಮಾಡಿ ಉಳಿಸಿಕೊಳ್ಳುವುದು ಸೂಕ್ತ.

ಸ್ವೀಕೃತಿ ಸಂಖ್ಯೆ ದೊರೆಯದ ಹೊರತು ಅರ್ಜಿ ಸಲ್ಲಿಕೆಯಾಗಿದೆ ಎಂದು ಭಾವಿಸಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿಯ ಸ್ಥಿತಿಯನ್ನು ತಿಳಿಯಲು, ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಮತ್ತು ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ವೆಚ್ಚವನ್ನು ಕೋರಲು ಈ ಸಂಖ್ಯೆಯೇ ಆಧಾರವಾಗಿರುತ್ತದೆ.

2. ದೋಷವಿರುವ ಸ್ಥಳವನ್ನು ಗುರುತಿಸುವುದು

ಈ ಕೆಳಕಂಡ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡಲ್ಲಿ ದೋಷವು ಬಹುಮಟ್ಟಿಗೆ ಪತ್ತೆಯಾಗುತ್ತದೆ.

(ಅ) ಇತರ ಜಾಲತಾಣಗಳು ತೆರೆಯುತ್ತವೆಯೇ? ಇತರ ತಾಣಗಳು ತೆರೆದು ಇಲಾಖೆಯ ತಾಣ ಮಾತ್ರ ತೆರೆಯದಿದ್ದಲ್ಲಿ ಮನೆಯ ಸಂಪರ್ಕದಲ್ಲಿ ದೋಷವಿಲ್ಲ. ಕೊನೆಯ ದಿನಾಂಕದಂದು ಸರ್ವರ್ ಮೇಲಿನ ಒತ್ತಡ ಹೆಚ್ಚುವುದರಿಂದ ಹೀಗಾಗಬಹುದು. ಮೊಬೈಲಿನ ವೈ-ಫೈ ಆರಿಸಿ, ಮೊಬೈಲ್ ಡೇಟಾ ಮೂಲಕ ಅದೇ ತಾಣವನ್ನು ತೆರೆದು ನೋಡುವುದು. ಅಲ್ಲಿಯೂ ತೆರೆಯದಿದ್ದಲ್ಲಿ ಸ್ವಲ್ಪ ಸಮಯದ ನಂತರ ಪ್ರಯತ್ನಿಸುವುದು.

(ಆ) ಮನೆಯ ಇತರ ಸಾಧನಗಳಲ್ಲಿ ಸಂಪರ್ಕವಿದೆಯೇ? ಅದೇ ವೈ-ಫೈ ಬಳಸುವ ಮೊಬೈಲ್ ಅಥವಾ ಎರಡನೆಯ ಗಣಕಯಂತ್ರದಲ್ಲಿ ಸಂಪರ್ಕವಿದ್ದಲ್ಲಿ ದೋಷವು ಮೊದಲ ಗಣಕಯಂತ್ರದಲ್ಲಿಯೇ ಇದೆ. ಆಗ ಕ್ರಮ ಸಂಖ್ಯೆ 5ನ್ನು ನೋಡುವುದು. ಪರೀಕ್ಷಿಸುವಾಗ ಮೊಬೈಲ್ ಡೇಟಾವನ್ನು ಆರಿಸಿರಬೇಕು. ಇಲ್ಲವಾದಲ್ಲಿ ಮೊಬೈಲ್ ತನ್ನದೇ ಸಂಪರ್ಕವನ್ನು ಬಳಸಿ ತಪ್ಪು ಅಭಿಪ್ರಾಯಕ್ಕೆ ಕಾರಣವಾಗುತ್ತದೆ.

(ಇ) ಯಾವ ಸಾಧನದಲ್ಲಿಯೂ ಸಂಪರ್ಕವಿಲ್ಲವೇ? ಹಾಗಿದ್ದಲ್ಲಿ ದೋಷವು ರೂಟರ್‌ನಲ್ಲಿ, ಹೊರಗಿನ ತಂತಿಯಲ್ಲಿ ಅಥವಾ ಸೇವಾದಾರ ಸಂಸ್ಥೆಯಲ್ಲಿ ಇರುತ್ತದೆ. ಕ್ರಮ ಸಂಖ್ಯೆ 3 ಮತ್ತು 4ನ್ನು ಅನುಸರಿಸುವುದು. ಡೇಟಾ ಯೋಜನೆಯ ಅವಧಿ ಮುಗಿದಿದ್ದರೂ ಎಲ್ಲ ಸಾಧನಗಳಲ್ಲಿ ಸಂಪರ್ಕ ಒಮ್ಮೆಗೇ ನಿಲ್ಲುವುದರಿಂದ ಮೊದಲು ಬಿಲ್ ಪಾವತಿಯನ್ನು ಖಚಿತಪಡಿಸಿಕೊಳ್ಳುವುದು.

3. ಉಪಕರಣದ ದೀಪಗಳ ಪರಿಶೀಲನೆ

ಆಪ್ಟಿಕಲ್ ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಗೋಡೆಗೆ ಅಳವಡಿಸಿದ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಈ ಕೆಳಕಂಡ ದೀಪಗಳಿರುತ್ತವೆ.

ಪವರ್ ದೀಪ: ಇದು ಉರಿಯದಿದ್ದಲ್ಲಿ ಉಪಕರಣಕ್ಕೆ ವಿದ್ಯುತ್ ತಲುಪುತ್ತಿಲ್ಲ. ಸ್ವಿಚ್, ಪ್ಲಗ್ ಮತ್ತು ಅಡಾಪ್ಟರ್ ಪರಿಶೀಲಿಸುವುದು. ಟಿವಿ ಪೆಟ್ಟಿಗೆಯ ಅಡಾಪ್ಟರ್‌ನ ಪಿನ್ ಇದಕ್ಕೂ ಹೊಂದಿಕೊಳ್ಳಬಹುದಾದರೂ ವೋಲ್ಟೇಜ್ ಬೇರೆಯಾಗಿದ್ದಲ್ಲಿ ಉಪಕರಣ ಸುಟ್ಟುಹೋಗುವ ಅಪಾಯವಿದೆ. ಎರಡರ ಮೇಲೂ ಮುದ್ರಿತವಾದ ವೋಲ್ಟೇಜ್ ಒಂದೇ ಆಗಿರುವುದನ್ನು ನೋಡದೆ ಅಡಾಪ್ಟರ್ ಬದಲಾಯಿಸಬಾರದು.

ಎಲ್‌ಓಎಸ್ ದೀಪ: ಇದು ಕೆಂಪಾಗಿ ಉರಿಯುತ್ತಿದ್ದಲ್ಲಿ ಅಥವಾ ಮಿನುಗುತ್ತಿದ್ದಲ್ಲಿ ಫೈಬರ್ ಮೂಲಕ ಬರಬೇಕಾದ ಬೆಳಕಿನ ಸಂಕೇತ ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆತ, ಮಳೆಗಾಲದಲ್ಲಿ ಮರದ ಕೊಂಬೆ ಬೀಳುವುದು ಅಥವಾ ಮನೆಯೊಳಗೆ ತಂತು ತೀವ್ರವಾಗಿ ಬಾಗಿರುವುದು ಇದಕ್ಕೆ ಕಾರಣವಾಗಿರಬಹುದು. ಪೀಠೋಪಕರಣದ ಹಿಂದೆ ತಂತು ಮಡಚಿಕೊಂಡಿದ್ದಲ್ಲಿ ನಿಧಾನವಾಗಿ ಸಡಿಲಿಸುವುದು. ಬೇರೆ ಕಾರಣಗಳನ್ನು ಸೇವಾದಾರರ ಸಿಬ್ಬಂದಿಯೇ ಸರಿಪಡಿಸಬೇಕು. ತಂತುವನ್ನು ಕಳಚಿ ಅದರ ತುದಿಯನ್ನು ಕಣ್ಣಿನಿಂದ ನೋಡಬಾರದು. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣಿಸದು, ಆದರೆ ಕಣ್ಣಿಗೆ ಹಾನಿಕರವಾಗಬಲ್ಲದು.

ಪಾನ್ ದೀಪ: ಇದು ಸ್ಥಿರವಾಗಿ ಉರಿಯುತ್ತಿದ್ದಲ್ಲಿ ಉಪಕರಣವು ಸೇವಾದಾರರ ಕೇಂದ್ರದೊಂದಿಗೆ ಸಂಪರ್ಕ ಸಾಧಿಸಿದೆ. ಬಹಳ ಹೊತ್ತು ಮಿನುಗುತ್ತಲೇ ಇದ್ದಲ್ಲಿ ಸಂಪರ್ಕ ಸಾಧಿಸಲು ವಿಫಲವಾಗುತ್ತಿದೆ.

ಇಂಟರ್ನೆಟ್ ದೀಪ: ಪಾನ್ ದೀಪ ಸರಿಯಿದ್ದು ಇದು ಮಾತ್ರ ಉರಿಯದಿದ್ದಲ್ಲಿ ಬಳಕೆದಾರರ ಖಾತೆಗೆ ಪ್ರವೇಶ ದೊರೆತಿಲ್ಲ. ಬಿಲ್ ಬಾಕಿ ಅಥವಾ ಸೇವಾದಾರರ ಕೇಂದ್ರದ ಅಡಚಣೆ ಇದಕ್ಕೆ ಕಾರಣವಾಗಿರಬಹುದು.

ಉಪಕರಣದ ತಯಾರಕರನ್ನು ಅವಲಂಬಿಸಿ ದೀಪಗಳ ಹೆಸರು ಮತ್ತು ಬಣ್ಣದಲ್ಲಿ ವ್ಯತ್ಯಾಸವಿರಬಹುದು. ಸಂಪರ್ಕ ಸರಿಯಾಗಿರುವ ದಿನವೇ ದೀಪಗಳ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡಲ್ಲಿ ತೊಂದರೆಯ ದಿನ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

4. ಉಪಕರಣದ ಮರುಚಾಲನೆ

ಉಪಕರಣದ ಸ್ವಿಚ್ ಆರಿಸಿ, ಸುಮಾರು 30 ಸೆಕೆಂಡುಗಳ ನಂತರ ಪುನಃ ಹಾಕುವುದು. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಪ್ರತ್ಯೇಕವಾಗಿದ್ದಲ್ಲಿ ಮೊದಲು ಪೆಟ್ಟಿಗೆಯನ್ನು ಚಾಲನೆಗೊಳಿಸಿ, ಅದರ ದೀಪಗಳು ಸ್ಥಿರವಾದ ನಂತರ ರೂಟರ್ ಚಾಲನೆಗೊಳಿಸುವುದು. ಪೂರ್ಣ ಸಂಪರ್ಕಕ್ಕೆ ಕೆಲವು ನಿಮಿಷಗಳು ಬೇಕಾಗುತ್ತವೆ. ಅಷ್ಟರೊಳಗೆ ಪದೇ ಪದೇ ಆರಿಸಿ ಹಾಕಬಾರದು.

ವಿಶೇಷ ಸೂಚನೆ: ಉಪಕರಣದ ಹಿಂಭಾಗದ ಸಣ್ಣ ರಂಧ್ರದೊಳಗಿರುವ ರೀಸೆಟ್ ಗುಂಡಿಯನ್ನು ಪಿನ್ ಅಥವಾ ಕಡ್ಡಿಯಿಂದ ಒತ್ತಬಾರದು. ಮರುಚಾಲನೆ ಮತ್ತು ರೀಸೆಟ್ ಬೇರೆ ಬೇರೆ. ರೀಸೆಟ್ ಮಾಡಿದಲ್ಲಿ ವೈ-ಫೈ ಹೆಸರು, ಗುಪ್ತಪದ ಮತ್ತು ಸೇವಾದಾರರು ನಮೂದಿಸಿದ ಖಾತೆಯ ವಿವರಗಳು ಅಳಿಸಿಹೋಗುತ್ತವೆ. ಆಗ ಹೊರಗಿನ ತಂತು ಸರಿಯಿದ್ದರೂ ಸಿಬ್ಬಂದಿ ಬಂದು ವಿವರಗಳನ್ನು ಪುನಃ ನಮೂದಿಸುವವರೆಗೆ ಸಂಪರ್ಕ ದೊರೆಯದಿರಬಹುದು.

5. ಒಂದೇ ಗಣಕಯಂತ್ರದಲ್ಲಿ ದೋಷವಿದ್ದಲ್ಲಿ

(ಅ) ವೈ-ಫೈ ಸ್ವಿಚ್ ಮತ್ತು ಏರೋಪ್ಲೇನ್ ಮೋಡ್ ಪರಿಶೀಲಿಸುವುದು. ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆಯ ಒಂದು ಕೀಲಿ ತಿಳಿಯದೆ ಒತ್ತಿದರೂ ವೈ-ಫೈ ಆರಬಹುದು.

(ಆ) ರೂಟರ್ ಹಾಗೂ ಗಣಕಯಂತ್ರದ ನಡುವೆ ದಪ್ಪ ಕಲ್ಲಿನ ಅಥವಾ ಕಾಂಕ್ರೀಟ್ ಗೋಡೆಗಳಿದ್ದಲ್ಲಿ ಸಂಕೇತ ದುರ್ಬಲವಾಗುತ್ತದೆ. 5 ಗಿಗಾಹರ್ಟ್ಸ್ ವೈ-ಫೈ ವೇಗವಾದುದಾದರೂ ಗೋಡೆಗಳನ್ನು ದಾಟುವಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗಿಂತ ಹಿಂದೆ ಬೀಳುತ್ತದೆ. ಆದರೆ ಮೈಕ್ರೋವೇವ್ ಒಲೆಯ ಬಳಕೆಯಿಂದ 2.4 ಗಿಗಾಹರ್ಟ್ಸ್ ಸಂಪರ್ಕಕ್ಕೆ ಅಡಚಣೆಯಾಗಬಹುದು. ಶುಲ್ಕ ಪಾವತಿಯಂತಹ ಮುಖ್ಯ ಕಾರ್ಯಗಳಿಗೆ ಗಣಕಯಂತ್ರವನ್ನು ಲ್ಯಾನ್ ಕೇಬಲ್ ಮೂಲಕ ರೂಟರ್‌ಗೆ ನೇರವಾಗಿ ಜೋಡಿಸುವುದು ಹೆಚ್ಚು ಭದ್ರ.

(ಇ) ಜಾಲದ ಸೆಟ್ಟಿಂಗ್‌ನಲ್ಲಿ ಗಣಕಯಂತ್ರದ ಐಪಿ ವಿಳಾಸವನ್ನು ನೋಡುವುದು. ಮನೆಯ ಜಾಲಗಳಲ್ಲಿ ಇದು ಹೆಚ್ಚಾಗಿ 192.168 ರಿಂದ ಆರಂಭವಾಗುತ್ತದೆ. 169.254 ರಿಂದ ಆರಂಭವಾಗಿದ್ದಲ್ಲಿ ರೂಟರ್‌ನಿಂದ ವಿಳಾಸ ದೊರೆಯದೆ ಗಣಕಯಂತ್ರವು ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದು ತಿಳಿಯುವುದು. ಅಂತಹ ವಿಳಾಸದಿಂದ ಅಂತರ್ಜಾಲವನ್ನು ತಲುಪಲಾಗದು. ವೈ-ಫೈ ಸಂಪರ್ಕವನ್ನು ಕಡಿದು ಪುನಃ ಜೋಡಿಸುವುದು. ಕೇಬಲ್ ಇದ್ದಲ್ಲಿ ಎರಡೂ ತುದಿಗಳನ್ನು ಭದ್ರಪಡಿಸುವುದು. ಯಾರಾದರೂ ಹಿಂದೆ ಐಪಿ ವಿಳಾಸವನ್ನು ಕೈಯಾರೆ ನಮೂದಿಸಿದ್ದಲ್ಲಿ ಅದನ್ನು ಸ್ವಯಂಚಾಲಿತ ಸ್ಥಿತಿಗೆ ಬದಲಾಯಿಸುವುದು.

(ಈ) ಮನೆಯಲ್ಲಿ ಹಳೆಯ ರೂಟರ್ ಒಂದನ್ನು ಹೆಚ್ಚುವರಿಯಾಗಿ ಜೋಡಿಸಿದ್ದಲ್ಲಿ ಅದನ್ನು ಕಳಚಿ ನೋಡುವುದು. ಒಂದೇ ಜಾಲದಲ್ಲಿ ಎರಡು ರೂಟರ್‌ಗಳು ಐಪಿ ವಿಳಾಸಗಳನ್ನು ಹಂಚತೊಡಗಿದಲ್ಲಿ ಕೆಲವು ಸಾಧನಗಳಲ್ಲಿ ಸಂಪರ್ಕವಿದ್ದು ಕೆಲವುಗಳಲ್ಲಿ ಇಲ್ಲದಿರುವ ಗೊಂದಲ ಉಂಟಾಗುತ್ತದೆ.

(ಉ) ಗಣಕಯಂತ್ರದ ದಿನಾಂಕ ಮತ್ತು ಸಮಯ ಸರಿಯಿರುವುದನ್ನು ಖಚಿತಪಡಿಸಿಕೊಳ್ಳುವುದು. ಹಳೆಯ ಡೆಸ್ಕ್‌ಟಾಪ್‌ಗಳ ಒಳಗಿನ ಸಣ್ಣ ಬ್ಯಾಟರಿ ಕ್ಷೀಣಿಸಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ಯಾಂಕ್ ಹಾಗೂ ಸರ್ಕಾರಿ ತಾಣಗಳ ಭದ್ರತಾ ಪ್ರಮಾಣಪತ್ರ ಅಸಿಂಧುವೆಂದು ಪರಿಗಣಿತವಾಗಿ, ಸಂಪರ್ಕ ಸುರಕ್ಷಿತವಲ್ಲವೆಂಬ ಸಂದೇಶ ಬರುತ್ತದೆ. ಇದನ್ನು ಅಂತರ್ಜಾಲ ಕಡಿತವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ದಿನಾಂಕ ಸರಿಯಿದ್ದೂ ಈ ಸಂದೇಶ ಬಂದಲ್ಲಿ ಮುಂದುವರಿಯಬಾರದು.

6. ಹೆಸರಿನಿಂದ ವಿಳಾಸ ಪತ್ತೆಯಾಗದಿದ್ದಲ್ಲಿ

ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಪರಿವರ್ತಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಇದು ದೂರವಾಣಿ ಡೈರೆಕ್ಟರಿಯಂತೆ ಕಾರ್ಯನಿರ್ವಹಿಸುತ್ತದೆ. ಇದು ವಿಫಲವಾದಾಗ ಸಂಪರ್ಕವಿದ್ದರೂ ತಾಣಗಳು ತೆರೆಯುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಆಜ್ಞೆಯನ್ನು ಆಂಗ್ಲ ಅಕ್ಷರಗಳಲ್ಲಿ ಬೆರಳಚ್ಚಿಸಿ, ಒಂದು ಸ್ಥಳ ಬಿಟ್ಟು 8.8.8.8 ಎಂದು ನಮೂದಿಸುವುದು. ಇದು ಗೂಗಲ್ ಸಂಸ್ಥೆಯ ಸಾರ್ವಜನಿಕ ಡಿಎನ್‌ಎಸ್ ವಿಳಾಸ. ಉತ್ತರ ಬಂದು, ಆದರೆ ಯಾವ ತಾಣವೂ ಹೆಸರಿನಿಂದ ತೆರೆಯದಿದ್ದಲ್ಲಿ ಡಿಎನ್‌ಎಸ್ ದೋಷವಿರುವ ಸಂಭವ ಹೆಚ್ಚು. ರೂಟರ್ ಮತ್ತು ಗಣಕಯಂತ್ರವನ್ನು ಮರುಚಾಲನೆ ಮಾಡುವುದು. ಅದರಿಂದಲೂ ಸರಿಹೋಗದಿದ್ದಲ್ಲಿ ಗಣಕಯಂತ್ರದ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಇದೇ ವಿಳಾಸವನ್ನು ನಮೂದಿಸಬಹುದು.

ಭದ್ರತೆಯ ಕಾರಣಕ್ಕೆ ಹಲವು ಸರ್ವರ್‌ಗಳು ಪಿಂಗ್ ಆಜ್ಞೆಗೆ ಉತ್ತರಿಸುವುದಿಲ್ಲ. ಆದ್ದರಿಂದ ಯಾವುದಾದರೂ ತಾಣದಿಂದ ಉತ್ತರ ಬರಲಿಲ್ಲವೆಂಬ ಮಾತ್ರಕ್ಕೆ ಅದು ಸ್ಥಗಿತಗೊಂಡಿದೆ ಎಂದು ನಿರ್ಧರಿಸಬಾರದು.

7. ಪರ್ಯಾಯ ವ್ಯವಸ್ಥೆ

ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ದುರಸ್ತಿಗಾಗಿ ಕಾಯಬಾರದು. ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಗಣಕಯಂತ್ರಕ್ಕೆ ಸಂಪರ್ಕ ಪಡೆಯಬಹುದು. ಗ್ರಾಮ ಒನ್, ಕರ್ನಾಟಕ ಒನ್ ಹಾಗೂ ಬೆಂಗಳೂರು ಒನ್ ಕೇಂದ್ರಗಳಲ್ಲಿ ನಿಗದಿತ ಸೇವಾ ಶುಲ್ಕ ಪಾವತಿಸಿ ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು. ಸೈಬರ್ ಕೇಂದ್ರಗಳನ್ನು ಬಳಸಿದಲ್ಲಿ ಕಾರ್ಯ ಮುಗಿದ ನಂತರ ಖಾತೆಯಿಂದ ಲಾಗ್ ಔಟ್ ಆಗಿ, ಅಲ್ಲಿನ ಗಣಕಯಂತ್ರಕ್ಕೆ ನಕಲಿಸಿದ ದಾಖಲೆಗಳನ್ನು ಅಳಿಸತಕ್ಕದ್ದು.

8. ಶುಲ್ಕ ಕಡಿತವಾಗಿ ಸ್ವೀಕೃತಿ ದೊರೆಯದಿದ್ದಲ್ಲಿ

ತಕ್ಷಣ ಎರಡನೆಯ ಬಾರಿ ಪಾವತಿಸಬಾರದು. ಸಂಪರ್ಕ ಮರಳಿದ ನಂತರ ಲಾಗಿನ್ ಆಗಿ ಅರ್ಜಿಯ ಹಾಗೂ ಪಾವತಿಯ ಸ್ಥಿತಿಯನ್ನು ನೋಡುವುದು. ಅನೇಕ ಸಂದರ್ಭಗಳಲ್ಲಿ ಹಣ ಜಮೆಯಾಗಿದ್ದು, ದೃಢೀಕರಣ ಪುಟ ಮಾತ್ರ ಅರ್ಜಿದಾರರನ್ನು ತಲುಪಿರುವುದಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಂತೆ, ಆನ್‌ಲೈನ್ ಕಾರ್ಡ್ ಪಾವತಿ ಅಥವಾ ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿ ಸ್ವೀಕರಿಸುವವರಿಗೆ ದೃಢೀಕರಣ ತಲುಪದಿದ್ದಲ್ಲಿ ವಹಿವಾಟಿನ ದಿನದ ನಂತರದ 5 ದಿನಗಳೊಳಗೆ ಹಣ ತಾನಾಗಿಯೇ ಖಾತೆಗೆ ಮರಳಬೇಕು. ವಿಳಂಬವಾದಲ್ಲಿ ದಿನಕ್ಕೆ 100 ರೂ.ನಂತೆ ಪರಿಹಾರ ನೀಡತಕ್ಕದ್ದು. ಹಣ ಮರಳದಿದ್ದಲ್ಲಿ ವಹಿವಾಟು ಸಂಖ್ಯೆಯೊಂದಿಗೆ ಬ್ಯಾಂಕಿಗೆ ಲಿಖಿತ ದೂರು ನೀಡುವುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

9. ಸೇವಾದಾರರ ವಿರುದ್ಧ ದೂರು

ಸಂಪರ್ಕ ದೋಷದ ದೂರನ್ನು ಮೊದಲು ಸೇವಾದಾರ ಸಂಸ್ಥೆಯ ದೂರು ಕೇಂದ್ರದಲ್ಲಿ ದಾಖಲಿಸಿ, ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯುವುದು. ದೋಷ ಆರಂಭವಾದ ಸಮಯ, ಉರಿಯುತ್ತಿರುವ ದೀಪಗಳು ಮತ್ತು ಈಗಾಗಲೇ ಮಾಡಿದ ಪರಿಶೀಲನೆಗಳನ್ನು ತಿಳಿಸಿದಲ್ಲಿ ದುರಸ್ತಿ ಶೀಘ್ರವಾಗುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ವಿನಿಯಮಗಳಂತೆ, ದೂರು ನಿಗದಿತ ಅವಧಿಯಲ್ಲಿ ಪರಿಹಾರವಾಗದಿದ್ದಲ್ಲಿ ಆ ಅವಧಿ ಮುಗಿದ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ನಿಯಂತ್ರಣ ಪ್ರಾಧಿಕಾರವು ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲ.

ದೂರಸಂಪರ್ಕ ಸೇವೆಯ ನ್ಯೂನತೆಗಾಗಿ ಗ್ರಾಹಕ ಆಯೋಗದ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

10. ಎಚ್ಚರಿಕೆ

ಸೇವಾದಾರರ ದೂರವಾಣಿ ಸಂಖ್ಯೆಯನ್ನು ಬಿಲ್ ಅಥವಾ ಸಂಸ್ಥೆಯ ಅಧಿಕೃತ ತಾಣದಿಂದಲೇ ಪಡೆಯತಕ್ಕದ್ದು. ಅಂತರ್ಜಾಲ ಹುಡುಕಾಟದಲ್ಲಿ ಸಿಗುವ ಸಹಾಯವಾಣಿ ಸಂಖ್ಯೆಗಳಲ್ಲಿ ವಂಚಕರ ಸಂಖ್ಯೆಗಳೂ ಇರುತ್ತವೆ. ಸಂಪರ್ಕ ಸರಿಪಡಿಸುವ ನೆಪದಲ್ಲಿ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಅಳವಡಿಸಲು ಹೇಳುವವರಿಗೆ ಅವಕಾಶ ನೀಡಬಾರದು. ಓಟಿಪಿ ಅಥವಾ ಯುಪಿಐ ಪಿನ್ ತಿಳಿಸಬಾರದು. ದುರಸ್ತಿಗೆ ಇವುಗಳ ಅಗತ್ಯವಿರುವುದಿಲ್ಲ. ವಂಚನೆಯಿಂದ ಹಣ ಕಳೆದುಕೊಂಡಲ್ಲಿ ವಿಳಂಬವಿಲ್ಲದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ಗುಡುಗು ಸಿಡಿಲಿನ ಸಮಯದಲ್ಲಿ ರೂಟರ್ ಹಾಗೂ ಗಣಕಯಂತ್ರದ ಪ್ಲಗ್‌ಗಳನ್ನು ಮುಂಚಿತವಾಗಿಯೇ ಕಳಚಿಡುವುದು. ಸ್ವಿಚ್ ಆರಿಸಿದರಷ್ಟೇ ಸಾಲದು. ಅರ್ಜಿದಾರರು ಕೊನೆಯ ದಿನದವರೆಗೆ ಕಾಯದೆ, ದಾಖಲೆಗಳನ್ನು ಸಿದ್ಧಪಡಿಸಿಕೊಂಡು ಕೆಲವು ದಿನಗಳ ಮೊದಲೇ ಅರ್ಜಿ ಸಲ್ಲಿಸಿ, ಸ್ವೀಕೃತಿಯ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳಲು ಕೋರಲಾಗಿದೆ.