ಎರಡು ಊರು, ಒಂದು ನಕ್ಷೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳ ದಾಟಿದರೆ ತಾಂಡವಪುರ. ಕಂದಾಯದ ಲೆಕ್ಕದಲ್ಲಿ ಇದು ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ. ಆದರೆ ಸುತ್ತ ಕಾರ್ಖಾನೆಗಳು ಎದ್ದಿವೆ. ಹೆದ್ದಾರಿಯೂ ರೈಲು ಹಳಿಯೂ ಪಕ್ಕದಲ್ಲೇ ಇವೆ. ನಗರ ಯೋಜನೆ ರೂಪಿಸುವವರ ಪಾಲಿಗೆ ಇದು 'ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ'ದ ಒಂದು ತುಣುಕು. ಎರಡು ಊರುಗಳನ್ನೂ ನಡುವಿನ ಹಳ್ಳಿಗಳನ್ನೂ ಒಂದೇ ನಕ್ಷೆಯೊಳಗೆ ತರುವ ಈ ಆಲೋಚನೆಗೆ ಶತಮಾನಕ್ಕೂ ಮೀರಿದ ಹಿನ್ನೆಲೆಯಿದೆ.

ಊರಿನಿಂದ ಊರು ಪಾಠ ಕಲಿಯುವುದು ಹೊಸದೇನಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ತನ್ನ ಇಕ್ಕಟ್ಟಾದ ಕೇರಿಗಳನ್ನು ಸರಿಪಡಿಸಲು 1866ರಲ್ಲಿ ಸುಧಾರಣಾ ಟ್ರಸ್ಟ್ ಒಂದನ್ನು ರಚಿಸಿತು. ಮುಂಬಯಿಯಲ್ಲಿ 1896ರಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅಲ್ಲಿಯೂ ಅದೇ ಬಗೆಯ ಟ್ರಸ್ಟ್ 1898ರಲ್ಲಿ ಹುಟ್ಟಿತು. ಅದೇ ವರ್ಷ ಪ್ಲೇಗ್ ಮೈಸೂರು ಸಂಸ್ಥಾನಕ್ಕೂ ಕಾಲಿಟ್ಟಿತು. ರೋಗದ ಹಿಂದೆಯೇ ಮದ್ದಿನ ವಿಚಾರವೂ ಬಂತು. 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಗಾಳಿ ಬೆಳಕಿಲ್ಲದ ಕೇರಿಗಳನ್ನು ತೆರವುಗೊಳಿಸುವುದು, ರಸ್ತೆ ಅಗಲಿಸುವುದು, ಚರಂಡಿ ಕಟ್ಟುವುದು, ಹೊಸ ಬಡಾವಣೆ ಬಿಡಿಸುವುದು ಅದರ ಕೆಲಸ. ಮೈಸೂರಿಗೆ ಚೆಂದದ ಊರೆಂಬ ಹೆಸರು ಬಂದುದರಲ್ಲಿ ಈ ಎರವಲು ಪಾಠದ ಪಾಲು ದೊಡ್ಡದು.

ಟ್ರಸ್ಟಿನ ಜಾಗಕ್ಕೆ 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಅಷ್ಟು ಹೊತ್ತಿಗೆ ಊರು ಹಳೆಯ ಎಲ್ಲೆ ಮೀರಿತ್ತು. ಮೈಸೂರು-ನಂಜನಗೂಡು ನಡುವೆ 1891ರಲ್ಲೇ ರೈಲು ಓಡಿತ್ತು. ಆ ದಾರಿಯ ಗುಂಟ ಮುಂದೆ ಕೈಗಾರಿಕೆ ಬೆಳೆಯಿತು. ಹಾಗಾಗಿ 2031ರವರೆಗಿನ ಮಹಾಯೋಜನೆಯನ್ನು ಎರಡೂ ಊರುಗಳಿಗೆ ಸೇರಿಸಿಯೇ ಬರೆಯಲಾಯಿತು.

ಆದರೆ ಈ ಊರುಗಳನ್ನು ನಕ್ಷೆಗಿಂತ ಮೊದಲೇ ಕಟ್ಟಿಹಾಕಿರುವುದು ಕಪಿಲೆ. ನಂಜನಗೂಡು ತಾಲ್ಲೂಕಿನ ಬಿದರಗೂಡಿನಲ್ಲಿ ಎತ್ತಿದ ಕಪಿಲೆಯ ನೀರು ಮೈಸೂರಿನ ನಲ್ಲಿಗಳಿಗೆ ಬರುತ್ತದೆ. ಮೈಸೂರಿನ ದಕ್ಷಿಣದ ಇಳಿಜಾರಿನ ನೀರು ದಳವಾಯಿ ಕೆರೆಯ ಕಡೆಯಿಂದ ಮತ್ತೆ ಕಪಿಲೆಯತ್ತಲೇ ಹರಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಮಲಿನ ನದಿಭಾಗಗಳ ಪಟ್ಟಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಸೇರಿತ್ತು. ಈ ನದಿ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಎತ್ತುವುದು ಅದಕ್ಕೂ ಕೆಳಗೆ, ಶಿವನಸಮುದ್ರದ ಬಳಿ. ಮೇಲಿನ ಊರು ಚರಂಡಿ ಸರಿಪಡಿಸಿದರೆ ಲಾಭ ಕೆಳಗಿನ ಊರಿಗೆ. ಸರಿಪಡಿಸದಿದ್ದರೆ ನಷ್ಟವೂ ಅದಕ್ಕೇ. ನಗರಗಳ ಸಹಕಾರವೆಂದರೆ ಇಲ್ಲಿ ಸಭೆ ಸಮಾರಂಭದ ಮಾತಲ್ಲ, ಕುಡಿಯುವ ನೀರಿನ ಪ್ರಶ್ನೆ.

ಇಂಥ ಸಹಕಾರಕ್ಕೆ ಸಂವಿಧಾನದಲ್ಲೇ ದಾರಿಯಿದೆ. 1992ರ 74ನೇ ತಿದ್ದುಪಡಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಬೇಕೆಂದಿತು. ನೀರಿನ ಹಂಚಿಕೆ, ಪರಿಸರ ರಕ್ಷಣೆ ಮೊದಲಾಗಿ ಹಳ್ಳಿ-ಪಟ್ಟಣಗಳಿಗೆ ಸಮಾನವಾದ ವಿಷಯಗಳನ್ನು ನೋಡಿಕೊಂಡು ಜಿಲ್ಲೆಗೊಂದು ಕರಡು ಯೋಜನೆ ಸಿದ್ಧಪಡಿಸುವುದು ಅದರ ಹೊಣೆ. ಸಮಿತಿಯ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಹಾಗೂ ನಗರಸಭೆಗಳ ಚುನಾಯಿತರಿಂದಲೇ ಆರಿಸಿ ಬರಬೇಕು.

ತೊಡಕಿರುವುದು ಇಲ್ಲೇ. ನಗರದ ಮಾತು ಆಡಲು ನಗರದ ಪ್ರತಿನಿಧಿಗಳಿಗೆ ಸಮಿತಿಯಲ್ಲಿ ಜಾಗವಿದೆ. ತಾಂಡವಪುರದಂಥ ಊರು ಆ ಸಮಿತಿಯಲ್ಲಿ ಬಾಯಿ ತೆರೆಯಬೇಕಾದುದು ಜಿಲ್ಲಾ ಪಂಚಾಯಿತಿಯ ಮೂಲಕ. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜಮೀನು ಕೊಟ್ಟವರು, ಕಾರ್ಖಾನೆಯ ಹೊಗೆ ಕುಡಿದವರು ಲೆಕ್ಕಕ್ಕೇ ಬಾರದೆ ಉಳಿದರು.

ಗ್ಲಾಸ್ಗೋದಿಂದ ಮುಂಬಯಿಗೆ, ಮುಂಬಯಿಯಿಂದ ಮೈಸೂರಿಗೆ ಬಂದ ಸುಧಾರಣೆಯಲ್ಲೂ ಇದೇ ಕೊರತೆಯಿತ್ತು: ಕೇರಿ ಬಿಟ್ಟು ಹೋಗಬೇಕಾದವರನ್ನು ಯಾರೂ ಕೇಳಲಿಲ್ಲ. ದೂರದ ನಗರದ ಪಾಠ ಕಲಿಯುವುದು ಸುಲಭ. ಪಕ್ಕದ ಹಳ್ಳಿಯ ಮಾತು ಕೇಳುವುದು ಕಷ್ಟ. ಎರಡು ಊರುಗಳಿಗೆ ಒಂದೇ ನಕ್ಷೆ ಬರೆದದ್ದು ಸರಿಯೇ. ಆ ನಕ್ಷೆ ಬಿಡಿಸುವ ಮೇಜಿನ ಸುತ್ತ ನಡುವಿನ ಊರಿಗೂ ಒಂದು ಕುರ್ಚಿ ಬೇಕು.